ನಾಕು ಸೆಕೆಂಡ್

ರಾತ್ರಿ ಹತ್ತಾದರೂ ಗ್ವಾಡಿ ಸುಡಲಕತ್ತದ.
ಟಿವಿದಾಗ ಮಾತ್ರ ಹಿಮ.
ಬ್ರಹ್ಮಪುರದ ಈ ಒಂದೇ ಖೋಲಿದಾಗ
ಕೂಲರ್ ಹಸಿ ಹುಲ್ಲಿನ ವಾಸನಿ ಊದತದ,
ಆ ಗಾಳಿಗೇ ಅಲ್ಲಿ ಗಿಡ ಅಲ್ಲಾಡತಾವ ಅಂತ
ಜೈತೂನ್ ಆಪಾ ಖರೇನೇ ನಂಬ್ಯಾಳ.

ಬಾಜೂ ಮನಿಯಾಕಿ. ದಿನವಿಡೀ ಜಂಪರ್ ಹೊಲದು
ಕಾಲಬೆರಳಿಗಿ ಸುತ್ತಿದ ದಾರ ಬಿಡಿಸಿಕೋತ ಬರತಾಳ.
ಆಕಿಗಿ ಇಂಗ್ಲಿಷ್ ಬರಲ್ಲ,
ನನಗ ಬರೋದು ಕೋರ್ಟಿನ ಇಂಗ್ಲಿಷ್.
ಇಬ್ಬರೂ ಕೂಡಿ ಒಬ್ಬ ಪತ್ತೇದಾರಳ ಆಗೀವಿ,
ನಡುಗಡ್ಡಿ ಊರಾಗ, ಕೈದಾಗ ಒಂದು ಬ್ಯಾಟರಿ,
ನೀರಾಗ ಸಿಕ್ಕ ಪೋಸ್ಟಮಾಸ್ತರನ ಮಗಳು,
ಆಕಿ ಮುಷ್ಟಿದಾಗ ಒಂದು ಗುಂಡಿ.

ಈ ಆಟದಾಗ ಬಂದೂಕು ಕಮ್ಮಿ. ಇದು ಕೇಳತದ.
ಕೇಳಿ, ಕೆಳಗ ಬಿಳಿ ಗೆರಿ ಎಳೀತದ.
ಗೆರಿ ಎರಡೂ ತುದಿಯಿಂದ ಸವೀತದ,
ಸವಿಯೋದರೊಳಗ ಹೇಳಬೇಕು:
ಖರೇ, ಸುಳ್ಳು, ಇಲ್ಲಾ ಸುಮ್ಮ.
ನಾಕು ಸೆಕೆಂಡ್.
ನಮ್ಮ ಕೋರ್ಟಿನಾಗ ಇದಕ್ಕ ನಾಕು ವರ್ಷ ಹಿಡೀತಾವ.

ಇವತ್ತ ಮುಂಜಾನಿ ಜವಾನ ಮೂರು ಸಲ ಕೂಗಿದ,
ಘಾಳೆಪ್ಪ ಬಂದ, ಕಟಕಟಿ ಹಿಡದ.
'ಕತ್ತಲಿತ್ತರಿ. ಮಂದಿ ಭಾಳ ಇದ್ದರಿ. ನಾ ಏನೂ ನೋಡಿಲ್ಲರಿ.'
ಟೈಪ್ ಮಾಡಿದೆ.
ಅವನ ಹೆಬ್ಬಟ್ಟು ಕಟ್ಟಿಗಿ ಕೆರೀಲಕತ್ತಿತ್ತು.
ಅದಕ್ಕ ಕೀಲಿ ಇಲ್ಲ.

ಉಸಿರು ಹಿಡಿ, ಅಂತದ ಆಟ.
ಕಪಾಟಿನ ಹಿಂದ ಅಡಗೀವಿ. ರಿಮೋಟ್ ಅಲ್ಲಾಡಿದರ ಸತ್ತಿವಿ,
ಅದೋ ಕೈದಾಗ ಕೋಳಿಮರಿ ಹಂಗ ಡವಡವ ಅಂತದ.
ಹಲಗಿ ಮ್ಯಾಲ ಡಾಕ್ಟರನ ಬೂಟು.
ಆಪಾ ದುಪಟ್ಟಾ ಬಾಯಾಗ ತುರಕೊಂಡಾಳ.
ಆಗಲೇ ಓಣ್ಯಾಗ ಯಾರದೋ ಬುಲೆಟ್ ಗಾಡಿ ಫಟ್!
ಮೈ ಬೆಚ್ಚಿತು, ಕೈ ಬೆಚ್ಚಲಿಲ್ಲ.
ಅಂವ ಹೋದ.

'ಅವನ ಕೋಟ್ ತೋರಸು,' ಅಂದಳು ಆಪಾ,
ಟಿವಿಗಿ ಮೂಗು ಹಚ್ಚಿ ನೋಡಿದಳು.
'ಮೂರನೇ ಗುಂಡಿ ನೋಡು. ಉಳಿದವು ಮಷೀನ್ ಹೊಲಗಿ.
ಇದು ಕೈ ಹೊಲಗಿ, ದಾರ ಬ್ಯಾರೆ,
ಗಂಟು ಮ್ಯಾಲ ಬಿಟ್ಟಾನ, ದಡ್ಡ.'
ಮೂರು ರಾತ್ರಿಯಿಂದ ನಾ ಅವನ ಮನಿ ಚಹಾ ಕುಡದೀನಿ,
ಅಂವ ಹೇಳಿದ್ದೆಲ್ಲ ನಂಬೀನಿ,
ಹೇಳಿದಂಗ ಇಳಿಸಿಕೊಂಡೀನಿ.

ಊರೆಲ್ಲ ದಂಡಿಗಿ ನಿಂತದ. ಮೂಕ ಅಂಬಿಗನ ಕೈಗಿ ಹಗ್ಗ.
ಫೌಜ್ದಾರ ನನಗ ಕೇಳತಾನ: ಯಾರು?
ಬಿಳಿ ಗೆರಿ.
'ಹೇಳ, ಹೇಳ, ಡಾಕ್ಟರ್ ಅಂತ ಹೇಳ!'
ಅವನ ಹಿಂದ ಡಾಕ್ಟರ್. ನನ್ನನ್ನೇ ನೋಡಲಕತ್ತಾನ,
ಸಿಟ್ಟಿಲ್ಲ, ಏನಿಲ್ಲ, ಬರೇ ನೋಡಲಕತ್ತಾನ.
ನನ್ನ ಹೆಬ್ಬಟ್ಟು ಗುಂಡಿ ಒತ್ತಲಿಲ್ಲ, ಕೆರೀತು.
ಗೆರಿ ದಾರ ಆತು, ದಾರ ಕೂದಲಾತು,
ಹೋತು.

ನನ್ನ ಪರವಾಗಿ ಆಟ ಮೂರು ಚುಕ್ಕಿ ಇಟ್ಟಿತು.
ಮೂಲ್ಯಾಗ ಸಣ್ಣ ಅಕ್ಷರ:
ನೀ ಸುಮ್ಮನಿದ್ದಿ. ಅಂಬಿಗ ಇದನ್ನ ನೆನಪಿಡತಾನ.
ಎಷ್ಟೊತ್ತು ನೆನಪಿಡತಾನ?
ಹಿಮದಾಗ ಅವನ ಹೆಜ್ಜಿ ಹೋದವು, ಬರಲಿಲ್ಲ.

'ಹಿಂದಕ್ಕ ಹೋಗು.'
'ಹೋಗಲಿಕ್ಕ ಬರಲ್ಲ ಆಪಾ. ತಾನೇ ಬರಕೊಂಡು ಬಿಡತದ.'
'ನನಗ ಒಂದು ಸೆಕೆಂಡ್ ಸಾಕಿತ್ತು,'
ಅಂದು ಆ ಕಡಿ ಮಾರಿ ಮಾಡಿ ಕುಂತಳು.

ಕರೆಂಟ್ ಹೋತು.
ಕೂಲರಿನ ರೆಕ್ಕಿ ನಾಕು ಸುತ್ತು ಸುತ್ತಿ ನಿಂತವು.
ಕೈದಾಗಿನ ನೀಲಿ ದೀಪ ಇನ್ನಾ ಮಿಣಕಲಕತ್ತಿತ್ತು.
ಸಿಟ್ಟಿನ ಆಪಾಗ ಏನರ ಹೇಳಬೇಕಂತ
ಘಾಳೆಪ್ಪನ ಸುದ್ದಿ ಹೇಳಿದೆ.

ತಗಡಿನ ತಳದಾಗ ನೀರು ತೊಟ್ಟ, ತೊಟ್ಟ.
'ಅವಗೂ ಯಾರರ ನೋಡಲಕತ್ತಿದ್ದರೇನು?'
'ಹೂಂ. ಹಿಂದಿನ ಬೆಂಚಿನಾಗ ಒಬ್ಬವ. ಬಿಳಿ ಅಂಗಿ.'
'ಗುಂಡಿ ನೋಡಿದಿ?'

'ಇಲ್ಲ ಆಪಾ.
ನಾ ಟೈಪ್ ಮಾಡಲಕತ್ತಿದ್ದೆ.'